ಅತ್ತೆಯ ಮಿರಾಸಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಆ ಮಾತನ್ನು ಮೊದಲ ಸಲ ಆಡಿದ್ದು ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿ ಎಂದು ನನ್ನ ನೆನಪು. ಅಲ್ಲ, ಹಿತ್ತಲ ಕಟ್ಟೆಯ ಮೇಲೆ ಎಂದು ಅಣ್ಣ ವಾದಿಸುತ್ತಾನೆ. ಮಾತಿನ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿಲ್ಲ: ‘ಇದು ನನ್ನ ಮಿರಾಸಿ.’

ಅತ್ತೆ ಅಂದರೆ ಅಪ್ಪನ ಅಕ್ಕ. ಸಂಡೂರಿಗೆ ಮದುವೆಯಾಗಿ ಹೋದವಳು. ಬಸ್ಸಿಳಿದು ಬಂದವಳೇ ಸೆರಗಿನ ಕೆಂಪು ಧೂಳು ಕೊಡವಿ, ನೇರ ಒಲೆಯ ಹತ್ತಿರ ಹೋಗಿ, ಹಾಲು ಕಾಸಿದ ಪಾತ್ರೆಗೆ ಅಂಟಿದ ಕೆನೆಯನ್ನು ಚಮಚದಿಂದ ಕೆರೆಯಲು ಕೂರುತ್ತಿದ್ದಳು. ನಾವು ಕೈ ಚಾಚಿದರೆ, ‘ಲೇ, ಕೈ ತಗೀರಿ. ನಮ್ಮವ್ವ ಇದ್ದಾಗಿಂದ ಇದು ನನ್ನ ಮಿರಾಸಿ.’ ಅವಳ ಮಿರಾಸಿಗಳು ಇನ್ನೂ ಇದ್ದವು: ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂರುವ ಜಾಗ, ಉಪ್ಪಿನಕಾಯಿ ಜಾಡಿಯ ಬಟ್ಟೆ ಮೊದಲು ಬಿಚ್ಚುವುದು, ಅಪ್ಪನನ್ನು ಎಲ್ಲರೆದುರು ಬೈಯುವುದು.

ಎಂ.ಎ. ಓದುವಾಗ ನಿಘಂಟಿನಲ್ಲಿ ಆ ಪದ ಸಿಕ್ಕಿತು. ಹಿರಿಯರಿಂದ ವಂಶಕ್ಕೆ ಇಳಿದು ಬಂದ ಹಕ್ಕು ಎಂದಿತ್ತು. ಭೂಮಿಗೆ, ಊರಿನ ಅಧಿಕಾರಕ್ಕೆ ಸಂಬಂಧಿಸಿದ ಹಳೆಯ ಕಂದಾಯದ ಪದ. ರಜೆಗೆ ಬಂದಾಗ ಹೇಳಿದೆ: ‘ಹಾಲಿನ ಪಾತ್ರಿಗೆಲ್ಲ ಆ ಮಾತು ಬರಂಗಿಲ್ಲತ್ತಿ.’

‘ಯಾರಂದ್ರು?’

‘ಪುಸ್ತಕದಾಗೈತಿ.’

‘ಆ ಪುಸ್ತಕ ಬರ್ದಾವಗ ಅಕ್ಕ-ತಂಗೇರು ಇರ್ಲಿಲ್ಲೇಳು,’ ಎಂದು ಚಮಚ ನೆಕ್ಕಿದಳು.

ಇವೆಲ್ಲಕ್ಕಿಂತ ದೊಡ್ಡದು ಹೆಸರಿಡುವ ಮಿರಾಸಿ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಇಲ್ಲವೇ ತಂಗಿ. ಉಸುರಿದ ಕೂಡಲೇ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನಗೆ, ಅಣ್ಣನಿಗೆ, ಚಿಕ್ಕಪ್ಪನ ಮಕ್ಕಳಿಗೆ ಹೆಸರಿಟ್ಟವಳು ಅತ್ತೆಯೇ. ಎಷ್ಟು ಗುದ್ದು ತಿಂದರೂ ಆ ದಿನ ಅಲ್ಲಿ ಅವಳದೇ ಮಾತು.

ಹೋದ ವರ್ಷ ಅಣ್ಣನ ಮಗಳ ತೊಟ್ಟಿಲು. ಕಂಪ್ಲಿಯಲ್ಲಿ, ಅತ್ತಿಗೆಯ ತವರಿನಲ್ಲಿ. ಅತ್ತೆ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ತೊಟ್ಟಿಲ ಪಕ್ಕ ನಿಂತೇಬಿಟ್ಟಿದ್ದಳು. ಆದರೆ ಈ ಮಗುವಿಗೆ ಅವಳು ಅಜ್ಜಿಯಾಗಬೇಕು, ಸೋದರತ್ತೆ ನಾನು. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

ಅತ್ತಿಗೆಯ ತಾಯಿ ನಯವಾಗಿಯೇ ಅಂದರು: ‘ನೀವು ಹಿರೇರು, ಕುಂದ್ರಿ ಅಕ್ಕಾರ. ಇನ್ನ ಈಕಿ ಹೇಳಬೇಕಲ್ರಿ.’

ಅತ್ತೆಯ ಮುಖ ಸಣ್ಣದಾಯಿತು. ಕೈ ತೊಟ್ಟಿಲ ಹಗ್ಗವನ್ನು ಬಿಡಲಿಲ್ಲ. ಇದು ನಾನು ಆಮೇಲೆ ಸೇರಿಸಿಕೊಂಡ ಚಿತ್ರವೂ ಇರಬಹುದು. ನಾನು ಹಿಂದೆ ಸರಿದು, ‘ಅತ್ತಿನ ಹೇಳ್ಲಿ ಬಿಡ್ರಿ. ನನ್ನ ಮಿರಾಸಿ ಆಕಿಗೆ ಕೊಟ್ಟೀನಿ,’ ಎಂದೆ.

‘ಕೊಡಾಕ ಅದೇನು ಕೊಬ್ರಿ-ಬೆಲ್ಲೇನಲೇ?’ ಅತ್ತೆ ಗದರಿದಳು. ‘ಮಿರಾಸಿ ಅಂದ್ರ ಯಾರಿಗೂ ಕೊಡಾಕ ಬರಂಗಿಲ್ಲ, ಬಿಡಾಕೂ ಬರಂಗಿಲ್ಲ. ಬಾ ಇಲ್ಲಿ. ಬಗ್ಗು.’

ಹಗ್ಗ ಬಿಟ್ಟು ನನಗೆ ಜಾಗ ಮಾಡಿದಳು. ಮಗುವಿನ ಕಿವಿಗೆ ವೀಳ್ಯದೆಲೆ ಅಡ್ಡ ಹಿಡಿದು ಹೆಸರು ಹೇಳಿದೆ. ಮೊದಲ ಗುದ್ದು ಅತ್ತೆಯದೇ, ಬಳೆ ಸಮೇತ. ‘ಇಷ್ಟು ವರ್ಷ ನಾ ತಿಂದೀನಿ, ಈಗ ನೀ ತಿನ್ನು!’ ಎಂದು ಎಲ್ಲರಿಗಿಂತ ಜೋರಾಗಿ ನಕ್ಕಳು.

ಸಂಜೆ ಹೊಸಪೇಟೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಇಳಿದರು. ಅಲ್ಲಿಂದ ತುಸು ಮುಂದೆ, ಕಾಲುವೆಯ ಕೆಳಗೆ, ನಮ್ಮ ಬಾಳೆತೋಟ. ಅಜ್ಜ ತೀರಿಕೊಂಡ ಮೇಲೆ ಅದರಲ್ಲಿ ತನಗೆ ಪಾಲು ಬೇಡವೆಂದು ಅತ್ತೆ ತಮ್ಮಂದಿರಿಗೆ ಬಿಟ್ಟುಕೊಟ್ಟಳು. ಮನೆಯಲ್ಲಿ ಎಲ್ಲರೂ ಅದನ್ನು ಅವಳ ದೊಡ್ಡ ಮನಸ್ಸು ಎನ್ನುತ್ತಾರೆ; ನಾನೂ ಹಾಗೇ ಅನ್ನುತ್ತ ಬೆಳೆದವಳು. ಆ ತೋಟವನ್ನು ಅವಳು ಮಿರಾಸಿ ಎಂದದ್ದು ನನಗೆ ನೆನಪಿಲ್ಲ. ಹಾಗೆಂದು ಅವಳು ಅಂದೇ ಇಲ್ಲ ಎನ್ನಲಾರೆ.

ಬಸ್ಸು ತೋಟವನ್ನು ಹಾಯುವಷ್ಟು ಹೊತ್ತೂ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆಗ ನಾನು ಕೇಳಿದೆ:

‘ಅತ್ತಿ, ಮಿರಾಸಿ ಬಿಡಾಕ ಬರಂಗಿಲ್ಲಂದಿ. ಹಂಗಾರ ಇದನ್ನ ಹೆಂಗ ಬಿಟ್ಟಿ?’