ಗಾಲಿ ಅಲುಗಿದರೆ ಪಗಾರ

ಕಳೆದ ತಿಂಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ವಿಮಾನ ಬಾಗಿಲು ಹಾಕಿಕೊಂಡು, ನಾಲ್ಕು ಮಾರು ಸರಿದು, ಅಲ್ಲೇ ನಿಂತುಬಿಟ್ಟಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮಂಜು ಕವಿದಿದೆ ಎಂದರು, ಮುಂದೆ ಸಾಲು ಇದೆ ಎಂದರು. ನನ್ನ ಪಕ್ಕ ಕೂತಿದ್ದ ಹಿರಿಯರು ಗದಗಿನ ಕಡೆಯ ಕಾಳುಕಡಿ ವ್ಯಾಪಾರಿ. ಮೂರನೆಯ ಸಲ ಗಡಿಯಾರ ನೋಡಿಕೊಂಡು ಸಿಡುಕಿದರು: "ಈ ಪೈಲಟ್‌ಗೇನ್ರಿ, ನಿಂತ್ರೂ ಪಗಾರ, ಹಾರಿದ್ರೂ ಪಗಾರ. ಸಾಯೋರು ನಾವು."

ನನಗೆ ಬಾಯಿ ಮುಚ್ಚಿಕೊಂಡು ಕೂರಲಾಗುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಸುಣ್ಣದಕಡ್ಡಿ ಹಿಡಿದವಳ ರೋಗ ಅದು, ತಪ್ಪು ಉತ್ತರ ಕೇಳಿದರೆ ನಾಲಿಗೆ ತುರಿಸುತ್ತದೆ. "ಹಂಗಲ್ಲರಿ ಯಜಮಾನ್ರ. ಬರೇ ನಿಂತ್ರ ಏನೂ ಇಲ್ಲ. ಗಾಲಿ ಒಂದು ಸಲ ಅಲುಗಿರಬೇಕು. ಈಗ ಅಲುಗೈತಿ, ಅದಕ್ಕ ಅವರ ಮೀಟರ್ ಓಡಾಕತ್ತೈತಿ. ಅಲುಗೋಕಿಂತ ಮೊದಲು ಎರಡು ತಾಸು ನಿಂತಿದ್ರೂ ಪಾಪ, ಅವರಿಗೆ ಆ ಹೊತ್ತಿನ ರೊಕ್ಕ ಇಲ್ಲ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವಿಮಾನದ ಆಫೀಸಿನವರೇನ್ರಿ?"

"ಇಲ್ಲರಿ. ಬಿಜಾಪುರ ಜಿಲ್ಲೆ ಇಂಡಿಯೊಳಗ ಹೈಸ್ಕೂಲ್ ಗಣಿತ ಟೀಚರ್."

ಇಂಡಿಯ ಗಣಿತ ಟೀಚರಿಗೆ ವಿಮಾನದವರ ಪಗಾರದ ಉಸಾಬರಿ ಯಾಕೆ ಎಂದು ನೀವೂ ಕೇಳುತ್ತೀರಿ. ಹೊತ್ತಿಗೇನು ಬರವಿರಲಿಲ್ಲ, ಅವರಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಎರಡು ಸಾವಿರದ ಐದೋ ಆರೋ ಇಸವಿ. ವಾರಕ್ಕೊಂದು ಹೊಸ ವಿಮಾನ ಕಂಪನಿ ಹುಟ್ಟುತ್ತಿದ್ದ ಕಾಲ. ನಾನು ಆಗಷ್ಟೇ ಇಂಡಿಯಲ್ಲಿ ಸರ್ಕಾರಿ ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ತವರು ಬಸವನ ಬಾಗೇವಾಡಿ, ಅಪ್ಪನದು ಬಜಾರದಲ್ಲಿ ಅರಿವೆ ಅಂಗಡಿ. ನಮ್ಮ ಮನೆಯಲ್ಲಿ ಬೆಲೆಯನ್ನು ಅಪ್ಪ ಹೇಳುತ್ತಿದ್ದರು, ಆದರೆ ತೀರ್ಮಾನವನ್ನು ಪಕ್ಕದ ಮಸೂತಿ ಎಂಬ ಹಳ್ಳಿಯ ದೊಡ್ಡಪ್ಪ ಹೇಳುತ್ತಿದ್ದ. ದೊಡ್ಡಪ್ಪನಿಗೆ ಒಂದು ಟ್ರ್ಯಾಕ್ಟರ್ ಇತ್ತು, ಅದಕ್ಕೊಂದು ತಾಸು ತೋರಿಸುವ ಮೀಟರ್ ಇತ್ತು. ಜಗತ್ತಿನ ಸಕಲ ವ್ಯವಹಾರವನ್ನೂ ಅವನು ಆ ಮೀಟರಿನ ಗಾಜಿನೊಳಗಿಂದಲೇ ನೋಡುತ್ತಿದ್ದ. ಹೊಲಕ್ಕೆ ಹೋದರೆ ಮೊದಲು ಮೀಟರ್ ನೋಡಿ, ಆಮೇಲೆ ಡ್ರೈವರನಿಗೆ ಶರಣು ಹೇಳುವ ಮನುಷ್ಯ.

ನನ್ನನ್ನು ನೋಡಲು ಬಂದ ವರ ಸಿಂದಗಿ ತಾಲೂಕಿನ ದೇವಣಗಾಂವದ ಮಾಸ್ತರರ ಮಗ. ಹೈದರಾಬಾದಿನಲ್ಲಿ ಸಣ್ಣದೊಂದು ಕಂಪನಿಯಲ್ಲಿ ವಿಮಾನ ಹಾರಿಸುತ್ತಿದ್ದ. ಚುರುಮುರಿಯ ಸೂಸಲ ತಿಂದು ಮುಗಿಸಿ ಕೈ ತೊಳೆದ ಮೇಲೆ ಅಪ್ಪ ಕೇಳಬೇಕಾದ್ದನ್ನು ಕೇಳಿದರು: "ಪಗಾರ ಎಷ್ಟಪಾ?"

"ತಿಂಗಳ ತಿಂಗಳ ಬ್ಯಾರೆ ಬರತೈತ್ರಿ" ಎಂದ ಅವನು.

ಅಪ್ಪನ ಮುಖ ಸಪ್ಪಗಾಯಿತು. ನಮ್ಮ ಕಡೆ ಪಗಾರವೆಂದರೆ ತಿಂಗಳು ತಿಂಗಳು ಒಂದೇ ಸಮ ಬರುವಂಥದ್ದು. ಬೇರೆ ಬೇರೆ ಬರುವುದಕ್ಕೆ ಕೂಲಿ ಎನ್ನುತ್ತಾರೆ. ದೊಡ್ಡಪ್ಪ ಮಾತ್ರ ತನ್ನ ಕಸುಬಿನವನೊಬ್ಬ ಸಿಕ್ಕ ಖುಷಿಯಲ್ಲಿ ಮುಂದೆ ಸರಿದು ಕೂತ.

"ತಾಸಿನ ಲೆಕ್ಕೋ, ಎಕರೆ ಲೆಕ್ಕೋ?"

ಇದು ಗೇಲಿಯಲ್ಲ. ಎಕರೆಯ ಲೆಕ್ಕಕ್ಕೆ ಬಾಡಿಗೆ ಹಿಡಿದರೆ ಟ್ರ್ಯಾಕ್ಟರಿನವನು ನೆಲ ಕೆರೆದಂತೆ ಮಾಡಿ ಓಡುತ್ತಾನೆ; ತಾಸಿನ ಲೆಕ್ಕಕ್ಕೆ ಹಿಡಿದರೆ ದಿಬ್ಬಣದ ಬಂಡಿಯಂತೆ ಸಾವಕಾಶ ಹೋಗುತ್ತಾನೆ. ವರ ಇದನ್ನು ಬಲ್ಲ ಊರಿನವನೇ. ಗಂಭೀರವಾಗಿ ಉತ್ತರ ಕೊಟ್ಟ.

"ತಾಸಿನ ಲೆಕ್ಕರಿ."

"ಹಂಗಾರ ಸಾವಕಾಶ ಹೊಡೀತಿರಬೇಕು."

"ಭಾಳ ಸಾವಕಾಶ ಹೊಡದ್ರ ಬೀಳತೈತ್ರಿ."

ಒಳಗಿಂದ ಅವ್ವ "ಬಿಡ್ತು ಅನ್ರೀ!" ಎಂದು ಕೂಗಿದಳು. ಚಹಾದ ತಾಟು ಹಿಡಿದು ನಿಂತಿದ್ದ ನನಗೆ ನಗು ತಡೆಯದೆ ಕಪ್ಪು ಬಸಿಗಳೆಲ್ಲ ಗಲಗಲ ಎಂದವು. ಆಗ ಅವನು ತಲೆ ಎತ್ತಿ ನನ್ನ ಕಡೆ ನೋಡಿ ತಾನೂ ನಕ್ಕ. ಹೇಳಲು ನಾಚಿಕೆ ಏನು ಬಂತು, ಮದುವೆಯಾದರೆ ಇವನನ್ನೇ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಹೆಣ್ಣು ನೋಡಲು ಬಂದು ಬೀಳುವ ಮಾತನ್ನು ಖರೇ ಖರೇ ಹೇಳುವ ಗಂಡು ಹತ್ತು ಊರಿಗೆ ಒಬ್ಬ ಸಿಗುವುದಿಲ್ಲ. ಆದರೆ ನನ್ನ ತೀರ್ಮಾನ ಯಾರಿಗೆ ಬೇಕಾಗಿತ್ತು? ದೊಡ್ಡಪ್ಪ ಹೂಂ ಎನ್ನಬೇಕು, ಅದಕ್ಕೂ ಮೊದಲು ಪಗಾರ ತಿಳಿಯಬೇಕು.

ಹದಿನೈದು ದಿನಕ್ಕೆ ಅಂಚೆಯಲ್ಲಿ ಮೂರು ತಿಂಗಳ ಪಗಾರದ ಚೀಟಿ ಬಂದವು. ಮೂರೂ ಬೇರೆ ಬೇರೆ. ದೊಡ್ಡಪ್ಪ ಹೂವಿನ ಹಿಪ್ಪರಗಿಯ ಹುಸೇನ ಮಿಸ್ತ್ರಿಯನ್ನು ಕರೆದುಕೊಂಡು ಬಂದ. ಹುಸೇನ ಕಾಕಾ ಸುತ್ತಿನ ಇಪ್ಪತ್ತು ಊರಿನ ಟ್ರ್ಯಾಕ್ಟರಿಗೆ ವೈದ್ಯ. ಎಂಜಿನ್ ಇರುವುದೆಲ್ಲ ಅವನ ಇಲಾಖೆ ಎಂದು ದೊಡ್ಡಪ್ಪನ ನಂಬಿಕೆ. ಆದರೆ ಚೀಟಿ ಇಂಗ್ಲಿಷಿನಲ್ಲಿತ್ತು. "ಗಣಿತದಾಕಿ ಮನ್ಯಾಗ ಅದಾಳಲ್ಲ, ಕರೀರಿ" ಎಂದರು. ನನ್ನ ವರನ ಪಗಾರವನ್ನು ನಾನೇ ಬಿಡಿಸಿ ಹೇಳುವ ಯೋಗ ನೋಡಿ! ನಾಚಿಕೊಳ್ಳಬೇಕೋ, ಭಾಗಾಕಾರ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡುತ್ತ ಕೂತೆ.

ನಾಲ್ಕು ದಿನ ನಡೆಯಿತು ಆ ಪಾಠ. ಮೂಲ ಪಗಾರ ಸಣ್ಣದು. ಅದರ ಮೇಲೆ ಹಾರಿದ ತಾಸಿಗೆ ಇಷ್ಟು ಎಂದು ದರ. ಪರ ಊರಿನಲ್ಲಿ ಉಳಿದರೆ ಭತ್ಯೆ. ಆಮೇಲೆ ತೆರಿಗೆ, ಪ್ರಾವಿಡೆಂಟ್ ಫಂಡು, ಕಂಪನಿ ಕಲಿಸಿದ ಖರ್ಚಿನ ಕಂತು ಕಡಿತ. ತಾಸು ಎಲ್ಲಿಂದ ಶುರು ಎಂಬುದೇ ಎರಡು ದಿನ ತಿಂದಿತು. ಕೊನೆಗೆ ನಾನೇ ಇಂಡಿಯ ಎಸ್‌ಟಿಡಿ ಬೂತಿನಿಂದ ಕದ್ದು ಫೋನ್ ಮಾಡಿ ಅವನನ್ನೇ ಕೇಳಿಕೊಂಡು ಬಂದೆ.

"ಗಾಲಿಗೆ ಅಡ್ಡ ಕೊಟ್ಟಿರತಾರಲ್ಲ, ಅದನ್ನ ತೆಗೆದು ವಿಮಾನ ಅಲುಗಿದಾಗ ಶುರು. ಇಳದು, ನಿಂತು, ಮತ್ತ ಅಡ್ಡ ಕೊಟ್ಟಾಗ ಬಂದ್" ಎಂದು ವಿವರಿಸಿದೆ.

ಹುಸೇನ ಕಾಕಾ ದೊಡ್ಡಪ್ಪನ ಕಡೆ ತಿರುಗಿ ತೊಡೆ ತಟ್ಟಿಕೊಂಡ. "ಅಲ್ರೀ ಗೌಡ್ರ, ನಾವು ಇಳಿಜಾರಿನ್ಯಾಗ ಗಾಲಿಗೆ ಕಲ್ಲು ಹಚ್ಚತೇವಲ್ಲ, ಅದ ಅದು! ಕಲ್ಲಿನಿಂದ ಕಲ್ಲಿಗೆ ಪಗಾರ."

"ಮ್ಯಾಲೆ ಹ್ವಾದ ಮ್ಯಾಲೆ ಕೆಳಗ ಇಳಿಯಾಕ ಜಾಗ ಇಲ್ಲ, ಗಿರಕಿ ಹೊಡಿ ಅಂದ್ರ?" ದೊಡ್ಡಪ್ಪನ ಪ್ರಶ್ನೆ.

"ಅದಕ್ಕೂ ಕೊಡತಾರ."

"ಗಿರಕಿಗೂ ರೊಕ್ಕ! ಹಂಗಾರ ಅಂವಾ ಇಳಿಯೋದರ ಯಾಕ?"

"ಎಣ್ಣಿ ತೀರತೈತಲ್ರೀ ಗೌಡ್ರ" ಎಂದ ಹುಸೇನ ಕಾಕಾ.

ಇಲ್ಲಿಯತನಕ ಹೇಗೋ ಬಂಡಿ ಸಾಗಿತ್ತು. ಒಂದು ಚೀಟಿಯಲ್ಲಿ ಹಾರಿದ್ದು ಐವತ್ತೆಂಟು ತಾಸು, ಕೊಟ್ಟದ್ದು ಎಪ್ಪತ್ತು ತಾಸಿನ ರೊಕ್ಕ. ಕೆಲಸ ಕಡಿಮೆ ಬಿದ್ದರೂ ಎಪ್ಪತ್ತು ತಾಸಿನದು ಖಾತ್ರಿ ಎಂಬ ಕರಾರು ಅದು. ಇದನ್ನು ಹೇಳಿದರೆ ದೊಡ್ಡಪ್ಪನಿಗೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಅವನು ಚೀಟಿಯನ್ನು ದೂರ ಸರಿಸಿದ. "ಓಡದ ಹನ್ನೆರಡು ತಾಸಿಗೆ ಬಾಡಿಗಿ ಕೊಡೋ ಮಾಲಕ ಭೂಮಿ ಮ್ಯಾಲೆ ಹುಟ್ಟಿಲ್ಲವಾ. ಮೀಟರ್ ಕೆಟ್ಟಿರಬೇಕು, ಇಲ್ಲಾ ಹುಡುಗ ತಿರುವಿರಬೇಕು."

ಮೀಟರ್ ತಿರುವಿದ ಡ್ರೈವರುಗಳನ್ನು ಅವನು ತನ್ನ ಜನ್ಮದಲ್ಲಿ ಬಹಳ ಕಂಡಿದ್ದ. ಅಂಥವರನ್ನು ಹಿಡಿಯಲು ಅವನದೇ ಒಂದು ಪರೀಕ್ಷೆಯಿತ್ತು: ಹೊಸ ಡ್ರೈವರನಿಗೆ ಒಂದು ತಾಸು ಟ್ರ್ಯಾಕ್ಟರ್ ಕೊಟ್ಟು, ಬದುವಿನ ಮೇಲೆ ಕೂತು ನೋಡುವುದು. ನೀವು ನಂಬಲಿಕ್ಕಿಲ್ಲ, ಆ ಪರೀಕ್ಷೆಗೆ ಅವನು ಪೈಲಟನನ್ನು ಮಸೂತಿಗೆ ಕರೆಸಿದ. ಅವನೂ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನಾನು ಅವ್ವನ ಜೊತೆ ಬುತ್ತಿ ಹೊತ್ತು ಹೋಗಿ ದೂರದ ಬೇವಿನ ಬುಡದಲ್ಲಿ ನಿಂತಿದ್ದೆ.

ಅವನು ಟ್ರ್ಯಾಕ್ಟರ್ ಹತ್ತಲೇ ಇಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಗಾಲಿಗಳನ್ನು ಒತ್ತಿ ನೋಡಿದ, ಬೋಲ್ಟ್ ಒಂದೊಂದನ್ನೂ ಮುಟ್ಟಿದ, ಎಣ್ಣೆ ನೋಡಿದ, ನೆಲಕ್ಕೆ ಮಲಗಿ ಹೊಟ್ಟೆಯಡಿ ಇಣುಕಿದ. ಇಸ್ತ್ರಿಯ ಅಂಗಿ ಕರಿ ಮಣ್ಣಾಯಿತು. ಅರ್ಧ ತಾಸು ಕಳೆಯಿತು.

"ತಮ್ಮಾ, ಪೂಜಾ ಮಾಡಾಕತ್ತೀಯೇನೋ? ಇನ್ನೂ ಮೀಟರ್ ಚಾಲೂ ಆಗಿಲ್ಲ, ಈ ಹೊತ್ತಿಂದು ನಾ ಕೊಡಾಂವಲ್ಲ" ಎಂದು ದೊಡ್ಡಪ್ಪ ಕೂಗಿದ.

"ನಮ್ಮಲ್ಲೂ ಇದಕ್ಕ ಕೊಡೋದಿಲ್ಲರಿ. ಆದ್ರ ನೋಡದ ಹತ್ತಂಗಿಲ್ಲ" ಎಂದು ಅಡಿಯಿಂದಲೇ ಉತ್ತರ ಬಂತು. ಆಮೇಲೆ ಎದ್ದು, "ನೇಗಿಲದ ಈ ಪಿನ್ನಿಗೆ ಕೀಲಿಲ್ಲರಿ, ತಂತಿ ಸುತ್ತ್ಯಾರ" ಎಂದ. ಹುಸೇನ ಕಾಕಾ ನೋಡಿ ಹೌದೆಂದ. ತಂತಿ ಸುತ್ತಿದ್ದು ದೊಡ್ಡಪ್ಪನೇ.

ಇನ್ನು ಹೊಡೆದದ್ದನ್ನು ಏನು ಹೇಳಲಿ! ಮೂರು ಸಲ ಎಂಜಿನ್ ಬಂದ್ ಆಯಿತು. ನಾಲ್ಕನೆಯ ಸಲ ಹೊರಟು ಅವನು ಎಬ್ಬಿಸಿದ ಸಾಲು ಬದುವಿನಿಂದ ಹೊರಟು ಬೇವಿನ ಮರವನ್ನು ಮಾತಾಡಿಸಿ, ಮತ್ತೆ ಬದುವಿಗೇ ಬಂತು. ನಮ್ಮ ಕರಿ ಹೊಲ ಅಂಥಾ ಸಾಲನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹುಸೇನ ಕಾಕಾ ನಗು ತಡೆಯಲಾರದೆ ಟವೆಲು ಬಾಯಿಗೆ ತುರುಕಿಕೊಂಡಿದ್ದ.

ಆ ಸಂಜೆ ಬಾಗೇವಾಡಿಯ ಮನೆಯ ಪಡಸಾಲೆಯಲ್ಲಿ, ವರನನ್ನೂ ಕೂರಿಸಿಕೊಂಡೇ ದೊಡ್ಡಪ್ಪ ತೀರ್ಪು ಕೊಟ್ಟ. "ಮನುಷ್ಯಾ ಖರೇ ಅದಾನ. ರೊಕ್ಕ ಇಲ್ಲದ ಹೊತ್ತಿನ್ಯಾಗ ಇಷ್ಟು ದುಡಿಯಾಂವ ಕಳ್ಳಲ್ಲ. ಆದ್ರ ಪಗಾರ ಖರೇ ಇಲ್ಲ. ಗಾಲಿ ಅಲುಗಿದ್ರ ಕೂಳು, ನಿಂತ್ರ ಇಲ್ಲ. ನಾಳೆ ಕಂಪನಿಯವ ಖಾತ್ರಿಗೀತ್ರಿ ಏನೂ ಇಲ್ಲ ಅಂದ್ರ ನಮ್ಮ ಕೂಸು ಏನ್ ಮಾಡಬೇಕು? ಬ್ಯಾಡಪಾ ತಮ್ಮಾ, ಸಿಟ್ಟಾಗಬ್ಯಾಡ."

ಅವನು ಸಿಟ್ಟಾಗಲಿಲ್ಲ. "ನೀವು ಹೇಳೋದು ಬರೋಬ್ಬರಿ ಐತ್ರಿ" ಎಂದು ಏಳಲು ನೋಡಿದ. ಅವನ ಆ ಒಪ್ಪಿಗೆ ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಜಗಳ ಮಾಡಲೂ ಬಾರದ ಗಂಡಸು!

"ದೊಡ್ಡಪ್ಪಾ" ಎಂದೆ. "ನಾಲ್ಕು ದಿನ ಇವರ ಪಗಾರ ಕೂಡಿಸಿ ಕಳದೇನಿ. ನನ್ನ ಪಗಾರ ಎಷ್ಟು ಅಂತ ಈ ಮನ್ಯಾಗ ಯಾರರ ಕೇಳೀರೇನು? ಒಂದನೇ ತಾರೀಖಿಗೆ ಬರತೈತಿ. ಮಳಿ ಬರಲಿ ಬಿಸಿಲ ಬರಲಿ, ಬರತೈತಿ. ಇವರ ಗಾಲಿ ನಿಂತ್ರ ನಂದು ನಿಂದರತೈತೇನು?"

ಅಪ್ಪ ಅಂಗಡಿಯಲ್ಲಿ ಒಂದು ಥಾನು ಅರಿವೆಯ ಲೆಕ್ಕ ತಪ್ಪಿದವರಂತೆ ಕಣ್ಣು ಬಿಟ್ಟರು. ಎರಡು ವರ್ಷದಿಂದ ನಾನು ದುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಅದು ಪಗಾರ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ದೊಡ್ಡಪ್ಪ ಮೀಸೆ ತಿರುವಿದ.

"ಅಂದ್ರ, ಟ್ರ್ಯಾಕ್ಟರ್ ಕೆಟ್ಟು ನಿಂತ್ರೂ ಕೊಟ್ಟಿಗ್ಯಾಗ ಎತ್ತು ಅದಾವ ಅಂದಂಗಾತು."

"ಹೌದ್ರಿ ಗೌಡ್ರ, ಜೋಡೆತ್ತು!" ಎಂದ ಹುಸೇನ ಕಾಕಾ.

ನೆರೆದ ಮಂದಿಯೆದುರು ಎತ್ತು ಅನ್ನಿಸಿಕೊಂಡು ಅಷ್ಟು ಹಿಗ್ಗಿದ ಹೆಣ್ಣು ಬಿಜಾಪುರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮುಂದಿನ ವೈಶಾಖದಲ್ಲಿ ಮದುವೆಯಾಯಿತು.

ದೊಡ್ಡಪ್ಪನ ನಾಲಿಗೆಯ ಮೇಲೆ ಏನು ಮಚ್ಚೆಯಿತ್ತೋ, ಮೂರನೆಯ ವರ್ಷ ನನ್ನ ಗಂಡನ ಕಂಪನಿ ಮುಚ್ಚಿತು. ಖಾತ್ರಿಯ ಎಪ್ಪತ್ತು ತಾಸೂ ಹೋಯಿತು. ಹದಿನಾಲ್ಕು ತಿಂಗಳು ನಮ್ಮವರು ಇಂಡಿಯ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದರು. ಓಣಿಯವರು ದಿನಾ "ವಿಮಾನ ಎಲ್ಲಿ ಬಿಟ್ಟೀರಿ ಸಾಹೇಬ್ರ?" ಎಂದು ಕೇಳುತ್ತಿದ್ದರು, "ಚಾರ್ಜಿಗೆ ಹಚ್ಚೇನಿ" ಎನ್ನುತ್ತಿದ್ದರು ಇವರು. ನನ್ನ ಡಬ್ಬಿ ಕಟ್ಟಿ, ಸ್ಕೂಟರಿನಲ್ಲಿ ಸಾಲೆಗೆ ಬಿಡುತ್ತಿದ್ದರು. ಹೊರಡುವ ಮೊದಲು ಸ್ಕೂಟರಿಗೂ ಒಂದು ಸುತ್ತು ಹಾಕುತ್ತಿದ್ದರು, ನನಗೆ ಪ್ರಾರ್ಥನೆ ತಪ್ಪುತ್ತಿತ್ತು. ಆಮೇಲೆ ಬೇರೆ ಕಂಪನಿ ಸಿಕ್ಕಿತು, ಮತ್ತೆ ಹೈದರಾಬಾದಿಗೆ ಹೋದರು. ಆ ಹದಿನಾಲ್ಕು ತಿಂಗಳ ಮಾತನ್ನು ನಾವಿಬ್ಬರೂ ಎತ್ತಿದ್ದೇ ಇಲ್ಲ. ಅವರಿಗೆ ನೋವಾದೀತು ಎಂದು ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಒಂದು ಜಂಭವೂ ಇತ್ತು, ಈ ಮನೆಯ ಲೆಕ್ಕ ಬಲ್ಲವಳು ನಾನೊಬ್ಬಳೇ ಎಂದು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ವಿಮಾನ ಹಾರಿ ಹುಬ್ಬಳ್ಳಿಯಲ್ಲಿ ಇಳಿದು ನಿಂತಿತ್ತು. ಕಾಳುಕಡಿಯ ಯಜಮಾನರು ಸೊಂಟದ ಪಟ್ಟಿ ಬಿಚ್ಚುತ್ತ, "ಟೀಚರ್, ಗಂಡನ ಪಗಾರ ಇಷ್ಟು ತಿಳಕೊಂಡೀರಿ. ನಿಮ್ಮ ಪಗಾರ ಹ್ಯಾಂಗ ಲೆಕ್ಕ ಆಗತೈತಿ ಅಂತ ಅವರಿಗೆ ಗೊತ್ತೈತೇನ್ರಿ?" ಎಂದು ಕೇಳಿದರು. ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ನಾನೇ ತಬ್ಬಿಬ್ಬಾದಂತಾಯಿತು.

ಬ್ಯಾಗಿಗಾಗಿ ಕಾಯುತ್ತ ನಿಂತು ನಮ್ಮವರಿಗೆ ಫೋನ್ ಮಾಡಿದೆ. ಅವತ್ತು ಅವರಿಗೆ ರಜೆ.

"ನನ್ನ ಪಗಾರ ಹ್ಯಾಂಗ ಲೆಕ್ಕ ಆಗತೈತಿ, ಗೊತ್ತೈತೇನ್ರಿ ನಿಮಗ?"

"ಈಗಿಂದೋ, ಆಗಿಂದೋ?"

"ಆಗಿಂದು."

ಅವರು ಶುರು ಮಾಡಿದರು. ಮೂಲ ಪಗಾರ ಎಷ್ಟು, ತುಟ್ಟಿಭತ್ಯೆ ಎಷ್ಟು, ಮನೆ ಬಾಡಿಗೆಯದೆಷ್ಟು. ವೃತ್ತಿ ತೆರಿಗೆ ಎಷ್ಟು ಹೋಯಿತು, ವಿಮೆಯ ಕಂತು ಎಷ್ಟು ಹೋಯಿತು. ರೂಪಾಯಿ ತಪ್ಪಲಿಲ್ಲ. ಯಾವ ತಿಂಗಳು ವೇತನ ಬಡ್ತಿ ಬಂತು, ಯಾವ ತಿಂಗಳು ಪೇಪರ್ ತಿದ್ದಿದ್ದಕ್ಕೆ ಬರಬೇಕಾದ್ದು ಬರಲಿಲ್ಲ, ಅದಕ್ಕೆ ನಾನು ಯಾರನ್ನು ಬೈದೆ, ಅದೂ ಬಂತು. ನಾನು ಮರೆತದ್ದೆಲ್ಲ ಅವರ ಬಾಯಲ್ಲಿತ್ತು.

"ಇಷ್ಟೆಲ್ಲಾ ಹ್ಯಾಂಗ ನೆನಪಿಟ್ಟೀರಿ?" ಎಂದೆ.

"ಹದಿನಾಕು ತಿಂಗಳು ಅದನ್ನ ಉಂಡೇನಿ" ಎಂದರು. "ಉಂಡದ್ದು ಮರೀತಾರೇನ?"

ನನ್ನ ಬ್ಯಾಗು ಎದುರಿಗೇ ಬಂದು, ಎದುರಿಗೇ ಹೋಯಿತು. ತೆಗೆದುಕೊಳ್ಳಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ಹಾಗೇ ನಿಂತಿದ್ದೆ.