ಒಂದು ಗೇಣಿನ ಮಣ್ಣು

ಸಣ್ಣಮಾದಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮೈಸೂರಿನ ಹೆಬ್ಬಾಳದ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ ಬಿಡಿ, ಅವನ ಜಾಗದಲ್ಲಿ ನಿಂತಿದ್ದರೆ ಅವರಿಗೂ ಬರುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಹಿನಕಲ್‌ನಿಂದ ಬಂದು, ಗುದ್ದಲಿ, ಹಾರೆ, ಬಟ್ಟೆಚೀಲ ಹೊತ್ತು ಊರೂರು ತಿರುಗಿ ಮಣ್ಣು ತಂದುಕೊಟ್ಟವನು ಅವನು. ವರದಿಯ ಕೆಳಗೆ ಸಹಿ ಹಾಕುತ್ತಿದ್ದವರು ಬೇರೆ ಯಾರೋ! ಮಣ್ಣನ್ನು ಅಂಗೈಯಲ್ಲಿ ಒದ್ದೆ ಮಾಡಿ, ಎಳೆ ಹೊಸೆದು, ಇದರಲ್ಲಿ ರಾಗಿ ಬರುತ್ತದೋ ಇಲ್ಲವೋ ಎಂದು ಅವನು ಹೇಳಿದರೆ ಮೂರು ದಿನ ಬಿಟ್ಟು ಯಂತ್ರವೂ ಅದನ್ನೇ ಹೇಳುತ್ತಿತ್ತು. ಆ ಜಂಬ ಅವನಿಗಿತ್ತು. ಜಂಬ ಇದ್ದವನ ಬಾಯಿ ಸುಮ್ಮನಿರುವುದಿಲ್ಲ, ಅದೇ ಮುಳುವಾಯಿತು.

2001ರಲ್ಲಿ ನಗರದಾಚೆಯ ಬಿಳಿಕಲ್ಲಿನ ಗಣಿಯೊಂದರ ಗುತ್ತಿಗೆ ಮುಗಿಯಿತು. ಗುಂಡಿ ಮುಚ್ಚಿ, ಮೇಲೆ ಮೊದಲಿನ ಮಣ್ಣನ್ನೇ ಹರಡಿ, ಬೇಸಾಯಕ್ಕೆ ಆಗುವಂತೆ ಮಾಡಿ ಜಮೀನಿನವರಿಗೆ ಒಪ್ಪಿಸಬೇಕೆಂಬುದು ಕರಾರು. ಅದರಲ್ಲಿ ನಾಲ್ಕು ಎಕರೆ ಸುಂದರಮ್ಮನದು. ರಾಜೀವನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತ ಹದಿನೈದು ವರ್ಷ ಈ ದಿನಕ್ಕೇ ಕಾದಿದ್ದಳು. ಮಣ್ಣು ಚೆನ್ನಾಗಿದೆ ಎಂದು ಪ್ರಯೋಗಾಲಯ ಬರೆದುಕೊಟ್ಟು, ಒಪ್ಪಿಗೆ ಪತ್ರಕ್ಕೆ ಅವಳು ಹೆಬ್ಬೆಟ್ಟು ಒತ್ತಿಬಿಟ್ಟರೆ ಕಂಪನಿ ಕೈತೊಳೆದುಕೊಂಡು ಹೋಗುತ್ತಿತ್ತು. ಆಮೇಲೆ ಏನಿದ್ದರೂ ಅವಳ ಹಣೆಬರಹ.

ಸಣ್ಣಮಾದಯ್ಯನೂ ಹೊಸದಾಗಿ ಸೇರಿದ್ದ ಅಧಿಕಾರಿ ಮಹಾಂತೇಶನೂ ಅಲ್ಲಿಗೆ ಹೋದಾಗ ಗಣಿಯ ಮೇಸ್ತ್ರಿ ಸಿದ್ದರಾಜು ಮಣ್ಣು ತೆಗೆಯಬೇಕಾದ ಹನ್ನೆರಡು ಕಡೆ ಬಾವುಟ ನೆಟ್ಟು ಕಾಯುತ್ತಿದ್ದ. ನೆಲವೆಲ್ಲ ಕಪ್ಪಗೆ, ಮೆತ್ತಗಿತ್ತು. ಸುಂದರಮ್ಮ ಒಂದು ಹಿಡಿ ಎತ್ತಿ ಮೂಸಿ ನೋಡಿ ನಗುತ್ತಿದ್ದಳು.

ಮೊದಲ ಬಾವುಟದ ಬಳಿ ಕೂತು ಸಣ್ಣಮಾದಯ್ಯ ರೂಢಿಯಂತೆ ಒಂದು ಗೇಣು ಆಳ ಅಗೆದು ಮಣ್ಣು ತೆಗೆದ. ಎಳೆ ಹೊಸೆದ. ಅಯ್ಯೋ, ಇದು ಕೆರೆಯ ತಳದಿಂದ ಎತ್ತಿದ ಗೋಡು! ಆ ಕಡೆಯ ಹೊಲಗಳ ಮಣ್ಣು ಕೆಂಪು.

"ಈಯಮ್ಮನ ಕೆಮ್ಮಣ್ಣು ಎಲ್ರೀ, ಸಿದ್ದರಾಜು?"

"ಎಲ್ಲೋ ಓಯ್ತು. ಇದು ಅದಕ್ಕಿಂತ ಫಸ್ಟ್‌ಕ್ಲಾಸಾಗದೆ, ಬುಡಿ."

ಎಲ್ಲೋ ಅಂದರೆ? ಮೈಸೂರಿನ ಹೊಸ ಬಡಾವಣೆಗಳ ಹೂದೋಟಗಳಿಗೆ ಲಾರಿಗಟ್ಟಲೆ ಮಾರಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಸಣ್ಣಮಾದಯ್ಯನಿಗೆ ಮೈಯೆಲ್ಲ ಉರಿಯಿತು. ಹಾರೆ ಎತ್ತಿ ಅದೇ ಕುಳಿಗೆ ಕುಕ್ಕಿದ. ಠಣ್ ಎಂದಿತು. ಗೋಡು ಅಲ್ಲಿಗೆ ಮುಗಿದಿತ್ತು. ಕೆಳಗೆಲ್ಲ ಬಿಳಿ ಕಲ್ಲುಚೂರು. ರಾಗಿಯ ಬೇರು ಹಾಗಿರಲಿ, ಗರಿಕೆಯ ಬೇರೂ ಇಳಿಯುವಂತಿರಲಿಲ್ಲ.

"ಸಾರ್, ಈ ಕಲ್ಲನ್ನೂ ಚೀಲಕ್ಕೆ ಹಾಕ್ತೀನಿ, ಬರ್ಕೊಳ್ಳಿ."

ಮಹಾಂತೇಶ ಫಾರಂ ತಿರುಗಿಸಿ ತಿರುಗಿಸಿ ನೋಡಿದ. "ಒಂದು ಗೇಣಿನ ಕೆಳಗೆ ಏನಿದೆ ಅಂತ ಬರೆಯೋಕೆ ಕಾಲಮ್ಮೇ ಇಲ್ಲ ಕಣ್ರೀ. ನಾನೇನ್ ಮಾಡ್ಲಿ?"

"ನಿಮ್ಮ ಕಾಲಮ್ಮಿಗೆ ಬೆಂಕಿ ಬೀಳ! ಬೇರು ಕಾಲಮ್ ನೋಡ್ಕೊಂಡು ಇಳೀತದಾ ಸಾರ್? ಥೂ, ಯಾವ ಮನೆಹಾಳ ಈ ಗಣಿಯೋರಿಗೆ ಗೇಣಿನ ಲೆಕ್ಕ ಏಳ್ಕೊಟ್ಟೋನು?"

ಸಿದ್ದರಾಜು ಕಿಸಕ್ಕನೆ ನಕ್ಕ. "ನೀವೇ ಅಲ್ವೇನ್ರಣ್ಣ? ಓದ ವರ್ಸ ನಿಮ್ಮ ಆಫೀಸ್ ಮುಂದೆ ಟೀ ಕುಡೀತಾ ಏಳುದ್ರಲ್ಲ, ಗೇಣು ಮಣ್ಣು ಸಾಕು, ಅದರ ಕೆಳಗೆ ಬಂಗಾರ ಇದ್ರೂ ನಾವು ನೋಡಕಿಲ್ಲ ಅಂತ. ನಾನು ನಮ್ಮ ಸಾಹೇಬ್ರಿಗೆ ಏಳ್ದೆ. ಅವ್ರು ಗೇಣು ಅಳೆದು ಹರಡ್ಸುದ್ರು."

ಹೇಳಿದ್ದ. ಹೌದು, ಹೇಳಿದ್ದ! ಎರಡು ವಡೆ, ಒಂದು ಟೀ, ಎದುರಿಗೆ ಬಾಯಿ ಬಿಟ್ಟುಕೊಂಡು ಕೇಳುವವನೊಬ್ಬ, ಅವನ ಜಂಬಕ್ಕೆ ಅಷ್ಟೇ ಸಾಕಾಗಿತ್ತು. ಹೊಲಕ್ಕೆ ಗೊಬ್ಬರ ಎಷ್ಟು ಹಾಕಬೇಕೆಂದು ತಿಳಿಯಲು ಇಟ್ಟ ಅಳತೆ ಅದು. ಕಲ್ಲು ತುಂಬಿ ಮುಚ್ಚಿದ ಗುಂಡಿಗೆ ಅದು ಸಲ್ಲದು ಎನ್ನುವ ಮಾತು ಆವತ್ತು ಅವನ ಬಾಯಿಗೆ ಬಂದಿರಲಿಲ್ಲ. ಈಗ ಯಾರ ಮೇಲೆ ಹರಿಹಾಯುವುದು? ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನ್ನಿಸಿತು.

ಸುಂದರಮ್ಮ ಹಿಡಿಯಲ್ಲಿದ್ದ ಗೋಡನ್ನು ಕೆಡವಿ ಕೈ ಒರೆಸಿಕೊಂಡಳು. "ನಿಜವಾ?"

"ನಿಜ ಕಣವ್ವ. ನಾನೇ ಏಳ್ಕೊಟ್ಟೆ. ನೀನು ಹೆಬ್ಬೆಟ್ಟು ಮಾತ್ರ ಒತ್ತಬ್ಯಾಡ."

ಅವನು ಬೈಗುಳಕ್ಕೆ ಕಾದ. ಚಪ್ಪಲಿಯಲ್ಲಿ ಹೊಡೆದಿದ್ದರೂ ತಾಳಿಕೊಳ್ಳುತ್ತಿದ್ದ. ಅವಳು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯ ಬಾವುಟದ ಹತ್ತಿರ ಹೋಗಿ ನಿಂತಳು.

"ಇನ್ನೂ ಅನ್ನೊಂದವೆ. ಮೊಳದುದ್ದ ಅಗಿ. ಸಹಿ ಹಾಕೋರು ಆ ಕಲ್ಲನ್ನ ಕಣ್ಣಲ್ಲಿ ನೋಡ್ಕೊಂಡೇ ಹಾಕ್ಲಿ."

ಅವನು ಅಗೆದ. ಬಿಸಿಲು ಇಳಿಯುವ ಹೊತ್ತಿಗೆ ಹನ್ನೆರಡು ಕುಳಿಗಳ ಪಕ್ಕದಲ್ಲೂ ಬಿಳಿ ಕಲ್ಲಿನ ಗುಡ್ಡೆ ಬಿದ್ದಿತ್ತು. ಮಹಾಂತೇಶ ಯಾರ ಮುಖವನ್ನೂ ನೋಡದೆ, ಫಾರಂ ಖಾಲಿ ಬಿಟ್ಟು, ಪೆನ್ನನ್ನು ಜೇಬಿಗೆ ಹಾಕಿಕೊಂಡ. ಆದರೂ ನಾಚಿಕೆ ಇಲ್ಲದ ಸಿದ್ದರಾಜು ಶಾಯಿ ಮೆತ್ತೆ, ಒಪ್ಪಿಗೆ ಪತ್ರ ಎರಡನ್ನೂ ಸುಂದರಮ್ಮನ ಮುಂದೆ ಹಿಡಿದ.

"ನನ್ನ ಮಣ್ಣು ಮೈಸೂರಲ್ಲಿ ಎಲ್ಲೆಲ್ಲಿ ಅದೆಯೋ ಅಲ್ಲಿಂದ ತಕಬನ್ನಿ," ಎಂದಳು. "ಆಮೇಲೆ ಬೆಟ್ಟು ಕೇಳಿ."

ಸಣ್ಣಮಾದಯ್ಯ ಚೀಲದ ಬಾಯಿ ಕಟ್ಟುತ್ತಿದ್ದ. ಅವಳು ಅವನ ಕಡೆ ತಿರುಗಿದಳು.

"ನೀನೂ ಓಗು. ಯಾವುದು ನಂದು ಅಂತ ಗುರುತು ಇಡಿಯೋನು ನೀನೇ ತಾನೆ?"