ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಮುಗಿದ ಸಿನಿಮಾ

ಸಿನಿಮಾ ಮಂದಿ ಜಾಣರು. ಹುಡುಗಿಯ ಅಪ್ಪ ಒಪ್ಪಿದ ಕೂಡಲೇ ಲೈಟ್ ಹಾಕಿ ನಮ್ಮನ್ನು ಹೊರಗೆ ಕಳಿಸಿಬಿಡುತ್ತಾರೆ. ಮರುದಿನ ಆ ಇಬ್ಬರೂ ಎದುರುಬದುರು ಕೂತು ಏನು ಮಾತಾಡಿದರು ಅಂತ ಯಾರೂ ತೋರಿಸುವುದಿಲ್ಲ.

ನನ್ನದೂ ಸಿನಿಮಾನೇ. ನಾನು ಜವಳಗೇರಾದವಳು, ಕಾಲುವೆ ಕೆಳಗಿನ ಗದ್ದೆಯ ಮನೆ. ನನ್ನವರು ಮಸ್ಕಿಯ ಬಟ್ಟೆ ಅಂಗಡಿಯವರ ಮಗ. ಸಿಂಧನೂರಿನ ಟಾಕೀಸಿನಲ್ಲಿ ಕದ್ದು ನೋಡಿದ ಪ್ರೇಮದ ಸಿನಿಮಾಗಳೇ ನಮ್ಮಿಬ್ಬರ ಶಾಲೆ. ಓಡಿಹೋಗಬೇಕೆಂದು ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅಪ್ಪ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ. ಬೈಯಲು ಬಾಯಿ ತೆರೆದವನು ನನ್ನ ಮುಖ ನೋಡಿ ಅತ್ತುಬಿಟ್ಟ. "ನಡಿ ಮನಿಗೆ. ನಾನೇ ನಿಂತು ಲಗ್ನ ಮಾಡ್ತೀನಿ" ಅಂದ. ಸುತ್ತಲಿದ್ದ ಜನ ಚಪ್ಪಾಳೆ ತಟ್ಟಿದರು. ಒಬ್ಬ ಕಂಡಕ್ಟರ್ ಸೀಟಿ ಊದಿದ. ಸುಳ್ಳಲ್ಲ.

ಈಗ ನಾನು ಫೋನಿನ ಮುಂದೆ ಕೂತು ಕಥೆ ಹೇಳುವವಳು. ಈ ಕಥೆಯ ವಿಡಿಯೊ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲ ಕಡೆ ಓಡಿತು. ತರಕಾರಿ ಮಾರುವವಳು ಕೊತ್ತಂಬರಿ ಜಾಸ್ತಿ ಹಾಕಿ, "ನಿಮ್ಮಂಥ ಜೋಡಿ ಇಲ್ರೀ ಅಕ್ಕಾರ" ಅನ್ನುತ್ತಾಳೆ.

ಜೋಡಿ ಹೇಗಿದೆ ಗೊತ್ತೇ? ಅವರು ಊಟಕ್ಕೆ ಕೂತರೆ ತಾಟು ನೋಡುತ್ತಾರೆ, ಎದ್ದರೆ ಫೋನು ನೋಡುತ್ತಾರೆ. ನಾನು ಏನು ಹೇಳಿದರೂ "ಹ್ಞೂಂ". ನನಗೆ ಜ್ವರ ಬಂದರೆ ಮಾತ್ರೆ ತಂದು ಟಿವಿ ಪಕ್ಕ ಇಡುತ್ತಾರೆ, ಕೈಗೆ ಕೊಡುವುದಿಲ್ಲ. ಇದನ್ನು ಯಾರ ಮುಂದೆ ಏನಂತ ದೂರಬೇಕು? ಒಮ್ಮೆ ಅವ್ವನ ಮುಂದೆ ಬಾಯಿಬಿಟ್ಟೆ.

"ಕುಡಿಯಂಗಿಲ್ಲ, ಬಡಿಯಂಗಿಲ್ಲ. ಮ್ಯಾಲ ನೀನಾ ಆರಿಸಿಕೊಂಡಾವ," ಅಂದಳು ಅವ್ವ. "ಇನ್ನೇನು ದಿನಾ ಹಾಡು ಹೇಳಬೇಕೇನಬೇ?"

ಹೌದವ್ವ, ದಿನಾ ಹಾಡು ಇರುತ್ತದೆ ಅಂತಲೇ ಅಂದುಕೊಂಡಿದ್ದೆ. ಪಾಪ, ಅವರೂ ಹಾಗೇ ಅಂದುಕೊಂಡಿರಬೇಕು. ಹಾಡು ನಿಂತ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ಯಾರೂ ಕಲಿಸಿರಲಿಲ್ಲ.

ಕಳೆದ ವರ್ಷ ಲಿಂಗಸುಗೂರಿನಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಅಲ್ಲೇ ಒಂದು ಖೋಲಿ ನೋಡಿಟ್ಟೆ. ಕಿಟಕಿಯಾಚೆ ಬೇವಿನ ಗಿಡ. ಒಬ್ಬಳೇ ಇರುತ್ತೇನೆ, ಹಬ್ಬಕ್ಕೆ ಬರುತ್ತೇನೆ ಅಂತ ಅವರಿಗೆ ಹೇಳಿದೆ. ಫೋನಿನಿಂದ ತಲೆ ಎತ್ತಿದರು.

"ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ವಿಡಿಯೊ ನೋಡಿದ ಮಂದಿಗೆ ಏನಂತ ಹೇಳ್ತೀ?"

ಇದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಸಂತೆಕಲ್ಲೂರಿನಿಂದ ನನ್ನ ಅಕ್ಕನ ಮಗಳ ಫೋನು ಬಂತು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಬೇರೆ ಜಾತಿ, ಅವಳಪ್ಪ ಒಪ್ಪುತ್ತಿಲ್ಲ. ಅವಳು ನನ್ನ ವಿಡಿಯೊ ತೋರಿಸಿದ್ದಾಳೆ. ಅದಕ್ಕೆ ಅವಳಪ್ಪ, "ಹಂಗಾರ ಅವರಿಬ್ಬರೂ ಬಂದು ನನ್ನ ಮುಂದ ಕುಂತು ಹೇಳ್ಲಿ" ಅಂದಿದ್ದಾನೆ.

ಇಬ್ಬರೂ ಹೋದೆವು. ಶೇರ್ ಆಟೋದಲ್ಲಿ ಅವರು ಮುಂದೆ, ನಾನು ಹಿಂದೆ. ಇದ್ದದ್ದು ಇದ್ದ ಹಾಗೇ ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ: ಲಗ್ನ ಮಾಡಿಕೊಡು, ಆದರೆ ಸುಖದ ಭರವಸೆ ನನ್ನಿಂದ ಕೇಳಬೇಡ. ಅಡುಗೆಮನೆಯಲ್ಲಿ ಹುಡುಗಿಗೆ ಮೊದಲು ಹೇಳಿದೆ, "ನಾವು ವಿಡಿಯೊದಾಗ ಇದ್ದಂಗ ಇಲ್ಲವ್ವಾ."

ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಚಿಗವ್ವ, ಕೈ ಮುಗೀತೀನಿ. ಇವತ್ತೊಂದು ದಿನ ಹಂಗ ಇರು. ನೀ ಹಂಗಂದ್ರ ಅಪ್ಪ ನಾಳೆನಾ ಬ್ಯಾರೆ ಕಡಿ ಮಾತು ಕೊಡ್ತಾನ."

ಪಡಸಾಲೆಯಲ್ಲಿ ಅವಳಪ್ಪ ಕಂಬಕ್ಕೆ ಒರಗಿ ಕೂತಿದ್ದ. ಓಣಿಯ ಹೆಂಗಸರೂ ಬಂದಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಅವನು ಕೈ ಎತ್ತಿದ.

"ಭಾಷಣ ಬ್ಯಾಡ. ಅದನ್ನ ಫೋನಿನಾಗ ಕೇಳೀನಿ. ಆರತಿ ತಾಟು ಹಿಡದು ಗಂಡನ ಹೆಸರು ಹೇಳು. ದೀಪದ ಮುಂದ ನೀ ಸುಳ್ಳು ಹೇಳಂಗಿಲ್ಲ ಅಂತ ನನಗೊತ್ತು."

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಶುಭಕಾರ್ಯದಲ್ಲಿ ಒಡಪು ಕಟ್ಟಿ, ಪ್ರಾಸದ ತುದಿಗೆ ಹೆಸರು ಸೇರಿಸಿ ಹೇಳಬೇಕು. ಒಡಪಿನಲ್ಲಿ ಎಲ್ಲರ ಮನೆಯಲ್ಲೂ ಬೆಳ್ಳಿ ತಾಟು, ಎಲ್ಲರ ಗಂಡನೂ ರಾಯ. ಸಿನಿಮಾ ಬರುವ ಮೊದಲೇ ನಮ್ಮ ಹೆಂಗಸರು ಸುಖಾಂತ ಬರೆದಿಟ್ಟಿದ್ದರು. ಆದರೆ ಅದನ್ನು ಪ್ರಮಾಣ ಅಂತ ಕೇಳಿದವನು ಇವನೊಬ್ಬನೇ.

ಅಕ್ಕ ತಾಟು ತಂದು ಕೈಗೆ ಕೊಟ್ಟಳು. ದೀಪ ಉರಿಯುತ್ತಿತ್ತು. ನಾನು ಬತ್ತಿ ಸರಿಮಾಡುತ್ತ ನಿಂತೆ.

"ಯಾಕ, ಗಂಡನ ಹೆಸರು ಮರತಾಳೇನಬೇ ಈಕಿ?" ಒಬ್ಬಳು ಅಂದಳು.

"ನಾಚಿಕೊಳ್ಳಾಕತ್ಯಾಳ, ಈ ವಯಸ್ಸಿನಾಗ!" ಇನ್ನೊಬ್ಬಳು ಅಂದಳು. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಫೋನು ನನ್ನ ಕಡೆ ಹಿಡಿದು ವಿಡಿಯೊ ತೆಗೆಯುತ್ತಿದ್ದಳು.

ಗಂಡನ ಕಡೆ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ನಾನು ಏನು ಹೇಳುತ್ತೇನೋ ಎಂಬ ಹೆದರಿಕೆ ಆ ಮುಖದಲ್ಲಿತ್ತು. ಅಷ್ಟು ಗಮನವಿಟ್ಟು ಅವರು ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ನಮ್ಮ ಸಂಸಾರ ಕಾಲುವಿ ಗದ್ದಿ," ಅಂದೆ. ತುದಿಗೆ ಹೆಸರು ಸೇರಿಸಿದೆ.

ಕಾಲುವೆಗೆ ವರ್ಷವಿಡೀ ನೀರು ಬಿಡುವುದಿಲ್ಲ ಎಂಬುದು ಸಂತೆಕಲ್ಲೂರಿನ ಜೋಳದ ಹೊಲದವರಿಗೆ ಯಾಕೆ ನೆನಪಾಗಬೇಕು? ಅವಳಪ್ಪ ಕಣ್ಣೊರೆಸಿಕೊಂಡು, "ಆತು, ಆ ಹುಡುಗನ ಮನಿಯವರಿಗೆ ಬರಾಕ ಹೇಳು" ಅಂದ. ಹುಡುಗಿ ಬಂದು ನನ್ನ ಕುತ್ತಿಗೆಗೆ ಬಿದ್ದಳು. ಮತ್ತೆ ಚಪ್ಪಾಳೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಮಸ್ಕಿ ಹತ್ತಿರ ಬಂದಾಗ ಅವರು ಕೇಳಿದರು, "ಖೋಲಿಯವರಿಗೆ ನೀ ಫೋನ್ ಮಾಡ್ತೀಯೋ, ನಾ ಮಾಡ್ಲೋ?"

ನಾನೇ ಮಾಡಿದೆ. ಬೇರೆಯವರಿಗೆ ಕೊಡಿ ಅಂದೆ.

ಹುಡುಗಿ ತೆಗೆದ ಒಡಪಿನ ವಿಡಿಯೊ ಹಳೆಯದಕ್ಕಿಂತ ಜೋರಾಗಿ ಓಡಿತು. ಮದುವೆಯೂ ಆಯಿತು. ಮೊನ್ನೆ ಊಟಕ್ಕೆ ಕೂತಾಗ ಅವಳ ಸಂದೇಶ ಬಂತು. "ಚಿಗವ್ವ, ಇವರು ಉಣ್ಣಾಗ ಒಂದು ಮಾತೂ ಆಡಂಗಿಲ್ಲ. ಕಾಕಾರು ಏನೇನು ಮಾತಾಡ್ತಾರ ನಿನ್ನ ಕೂಡ? ಹೇಳು, ಇವರಿಗೆ ಕಲಿಸ್ತೀನಿ."

ನಾನು ಫೋನನ್ನು ಅವರ ತಾಟಿನ ಪಕ್ಕ ಇಟ್ಟೆ. ಓದಿದರು. ರೊಟ್ಟಿ ಮುರಿದ ಕೈ ಹಾಗೇ ನಿಂತಿತು.

"ಪಲ್ಲೆಕ್ಕ ಉಪ್ಪು ಕಮ್ಮಿ ಆಗೈತಿ," ಅಂದರು. ಉಪ್ಪಿನ ಡಬ್ಬಿ ಎಳೆದುಕೊಂಡು, "ಇದನ್ನಾ ಬರಿ. ಇದೂ ಮಾತಲ್ಲೇನು?"

ಅದನ್ನೇ ಬರೆದು ಕಳಿಸಿದೆ. ಅವಳಿಂದ ನಗುವ ಮುಖದ ಚಿತ್ರವೊಂದು ಬಂತು. ಆಮೇಲೆ ಏನೂ ಬರಲಿಲ್ಲ.